ಮುಂಬಯಿಯವರು ಮೌಲಾನನ್ನೇ ಕೇಳಿದರು

ದಾದರ್

ಮುಂಬಯಿಗೆ ಹೋಗಿ ಬಂದವರೆಲ್ಲ ಸಮುದ್ರದ ಮಾತಾಡುತ್ತಾರೆ. ನಾನು ಐದು ವಾರ ಇದ್ದು ಬಂದೆ. ಸಮುದ್ರ ಕಂಡದ್ದು ಒಂದೇ ಸಲ, ಅದೂ ಬಸ್ಸಿನ ಕಿಟಕಿಯಿಂದ, ಮುಂದೆ ಕೂತವನ ತಲೆ ಅಡ್ಡ ಇತ್ತು. ಸಮುದ್ರದ ಸುದ್ದಿ ಬೇಕಾದವರು ಬೇರೆಯವರ ಹತ್ತಿರ ಕೇಳಿಕೊಳ್ಳಿ. ನಾನು ಅಲ್ಲಿ ಹೊಟ್ಟೆಕಿಚ್ಚು ಪಟ್ಟ ಸುದ್ದಿ ಬರೆಯುತ್ತೇನೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಎಲ್ಲಿಯಾದರೂ ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಲಿ, ನನಗೆ ಹೇಳಲು ಬರುವುದು ಬೇಡ.

ನಮ್ಮದು ಗದಗಿನ ಮಗ್ಗುಲಿನ ಊರು. ಪಿಂಜಾರರು ನಾವು, ಅರಳೆ ಹಿಂಜಿ ಗಾದಿ ಹೊಲಿಯುವುದು ಕಸುಬು. ಗಂಡ ತೀರಿ ಹನ್ನೆರಡು ವರ್ಷ, ಮಕ್ಕಳಾಗಲಿಲ್ಲ. ಮನೆಯಲ್ಲಿ ನಾನು ಮತ್ತು ನನ್ನ ತಮ್ಮ ಮೌಲಾ. ನನಗೆ ಎಪ್ಪತ್ತು, ಅವನಿಗೆ ಅರವತ್ತು. ಹುಟ್ಟಿದಾಗಿನಿಂದ ಅವನ ಬುದ್ಧಿ ಐದಾರು ವರ್ಷದ ಕೂಸಿನದು. ಅವ್ವ ಸತ್ತ ಮೇಲೆ ಉಣಿಸುವುದು, ತೊಳೆಯುವುದು, ಹಾದಿ ತಪ್ಪಿದರೆ ಹುಡುಕುವುದು ಎಲ್ಲ ನಾನೇ. ನಾನು ಸತ್ತರೆ ಯಾರು ಎಂಬ ಒಂದು ಮಾತು ಕೇಳಿಕೊಂಡು ಊರಿನ ಕಚೇರಿಗಳ ಕಟ್ಟೆ ಸವೆಸಿದ್ದೇನೆ. ಮುದುಕರನ್ನು ನೋಡುವ ಕಚೇರಿಯವರು, ಇವನು ಬುದ್ಧಿ ಇಲ್ಲದವರ ಕಡೆ ಹೋಗಬೇಕು ಎಂದರು. ಆ ಕಡೆಯವರು, ನಮ್ಮಲ್ಲಿರುವುದು ಮಕ್ಕಳಿಗೆ, ಇವನ ತಲೆ ನೆರೆತಿದೆಯಲ್ಲ ಎಂದರು. ಆಸ್ಪತ್ರೆಯವರು ಎರಡೂ ಕಡೆಯ ಕಾಗದ ತಾ ಎಂದರು. ಮೌಲಾ ಎರಡೂ ಆಗಿದ್ದಕ್ಕೆ ಯಾರಿಗೂ ಬೇಡವಾದ.

ಹೀಗಿರುವಾಗ ಬೈಕುಲ್ಲಾದಿಂದ ನನ್ನ ಚಿಕ್ಕವ್ವನ ಮಗಳು ರಸೂಲ್ಬಿಯ ಫೋನು. ಅವಳ ಮಗಳು ಮುನ್ನಿಯೂ ಮೌಲಾನಂಥವಳೇ, ಐವತ್ತು ದಾಟಿದವಳು.

"ಇಲ್ಲಿ ಎಲ್ಲಾರೂ ಕೂಡಿ ಆಕೀನ್ನ ನೋಡ್ಕೋತಾರಕ್ಕಾ," ಅಂದಳು ರಸೂಲ್ಬಿ. "ನೀನೂ ಮೌಲಾನ್ನ ಕರಕೊಂಡು ಬಾ. ಒಂದು ಸಲ ಕಣ್ಣಿಲೆ ನೋಡು."

ಸುಳ್ಳು ಹೇಳುತ್ತಾಳೆ ಅನಿಸಿತು. ಮದುವೆಯಾಗಿ ಮುಂಬಯಿಗೆ ಹೋದವರು ಊರಿನವರ ಮುಂದೆ ಸುಳ್ಳು ಹೇಳುವುದು ಮೊದಲಿನಿಂದ ಇದ್ದದ್ದೇ. ಹಿಡಿಯಬೇಕು, ನಿಜವಾದರೆ ಮೌಲಾನಿಗೂ ಒಂದು ಜಾಗ ಕೇಳಬೇಕು ಎಂದು ಹೊರಟೆ.

ದಾದರ್‌ನಲ್ಲಿ ಇಳಿದು ಲೋಕಲ್ ಹಿಡಿಯಲು ಹಳಿ ದಾಟಿಸುವ ಪುಲ್ ಹತ್ತಬೇಕು. ಮೌಲಾ ಮೂರು ಮೆಟ್ಟಿಲು ಹತ್ತಿ ಕೂತುಬಿಟ್ಟ. ಎರಡು ವರ್ಷದಿಂದ ಇದೇ ಹಟ ಅವನದು. ಹೊಸ್ತಿಲು ದಾಟಲು ಒಲ್ಲೆ, ಮೆಟ್ಟಿಲು ಇಳಿಯಲು ಒಲ್ಲೆ, ನೆರಳು ಬಿದ್ದ ಜಾಗ ತುಳಿಯಲು ಒಲ್ಲೆ. ಮೊಂಡುತನ ಎಂದು ಊರಲ್ಲಿ ಎರಡೇಟು ಹಾಕಿದ್ದೂ ಉಂಟು, ಮುಚ್ಚಿಡುವುದಿಲ್ಲ. ನಮ್ಮೂರಲ್ಲಾದರೆ ಇಷ್ಟೊತ್ತಿಗೆ ಹತ್ತು ಜನ ಸುತ್ತ ನಿಂತು ಹದಿನೈದು ಬುದ್ಧಿ ಹೇಳುತ್ತಿದ್ದರು. ಅಲ್ಲಿ ಒಬ್ಬರೂ ನಿಲ್ಲಲಿಲ್ಲ. ಜನ ಅವನ ಎರಡೂ ಕಡೆಯಿಂದ ಹರಿದುಹೋದರು. ಆಮೇಲೆ ಆಫೀಸಿನ ಬ್ಯಾಗು ಹಾಕಿಕೊಂಡ ಇಬ್ಬರು ಬಂದವರೇ, ಒಂದು ಮಾತೂ ಕೇಳದೆ ಅವನ ಬಗಲಿಗೆ ಕೈ ಕೊಟ್ಟು ಎತ್ತಿ, ಮೇಲೆ ಒಯ್ದು ನಿಲ್ಲಿಸಿ, ತಿರುಗಿಯೂ ನೋಡದೆ ಹೋದರು. ಊರಲ್ಲಿ ಇಷ್ಟು ಉಪಕಾರ ಮಾಡಿದವನು ಹತ್ತು ವರ್ಷ ಹೇಳಿಕೊಂಡು ತಿರುಗುತ್ತಾನೆ. ಮೌಲಾನ ಒಂದು ಚಪ್ಪಲಿ ಮಾತ್ರ ಕೆಳಗೇ ಉಳಿಯಿತು.

ಲೋಕಲ್‌ನಲ್ಲಿ ಹೆಂಗಸರ ಡಬ್ಬಿಗೆ ಅವನನ್ನು ಹತ್ತಿಸಿಬಿಟ್ಟೆ. "ಜೆಂಟ್ಸ್ ಹೈ, ಜೆಂಟ್ಸ್! ಉತಾರೋ ಉಸ್ಕೋ!" ಗಂಡಸನ್ನು ಇಳಿಸು ಎಂದು ಹತ್ತು ಬಾಯಿ ಒಮ್ಮೆಲೇ. ಮೌಲಾ ಕಿವಿ ಮುಚ್ಚಿಕೊಂಡ. ಆಗ ಮೆಂತ್ಯ ಬಿಡಿಸುತ್ತ ಕೂತಿದ್ದ ಒಬ್ಬಳು ಅವನ ಮುಖ ನೋಡಿ, ಮೂವರು ಕೂರುವ ಸೀಟಿನಲ್ಲಿ ಸರಿದು ನಾಲ್ಕನೆಯ ಜಾಗ ಮಾಡಿದಳು. ಇಂಥವರಿಗೆ ಬೇರೆ ಡಬ್ಬಿಯೇ ಇದೆ, ಜೊತೆಯವರೂ ಅಲ್ಲೇ ಹತ್ತಬಹುದು, ಮುಂದಿನ ಸಲ ಅಲ್ಲಿ ಹತ್ತು ಎಂದು ಬೈದಂತೆ ಹೇಳಿದಳು. ಇಂಥವರಿಗೆಂದೇ ಒಂದು ಡಬ್ಬಿ! ಹೊಟ್ಟೆಯಲ್ಲಿ ಕಿಚ್ಚು ಅಲ್ಲಿಂದಲೇ ಸುರುವಾಯಿತು.

ಬೈಕುಲ್ಲಾ

ರಸೂಲ್ಬಿಯದು ಚಾಳಿನ ಎರಡನೇ ಮಾಳಿಗೆಯಲ್ಲಿ ಒಂದು ಖೋಲಿ. ನಮ್ಮ ಅರಳೆ ಇಡುವ ಕೋಣೆ ಅದಕ್ಕಿಂತ ದೊಡ್ಡದು. ಇದನ್ನು ನೋಡಿ ನನಗೆ ಸಮಾಧಾನವಾಯಿತು. ಆ ಸಮಾಧಾನ ಮಧ್ಯಾಹ್ನದ ತನಕವೂ ಉಳಿಯಲಿಲ್ಲ.

"ಮುನ್ನಿ ಎಲ್ಲಿ?" ಅಂದೆ.

"ಸೆಂಟರಿಗಿ ಹೋಗ್ಯಾಳ, ಇಂಥಾವ್ರನ್ನ ಹಗಲ ಹೊತ್ತು ನೋಡ್ಕೊಳ್ಳೂ ಜಾಗ. ಐದಕ್ಕ ಬರತಾಳ."

"ಒಬ್ಬಾಕೀನ?"

"ಗಾಡಿ ಬರತೈತೆಕ್ಕಾ. ಕೆಳಗ ವಾಚ್‌ಮನ್ ಹತ್ತಸ್ತಾನ, ಅಲ್ಲಿ ಪ್ರಮೀಳಾತಾಯಿ ಇಳಿಸ್ಕೋತಾಳ. ನಾ ಅಷ್ಟೊತ್ತು ಅಡ್ಡಾಗಿರತೀನಿ."

"ಹಗಲ ಹೊತ್ತ?"

"ಹ್ಞಾಂ. ಇಲ್ಲೇ, ಪಂಖಾದ ಬುಡಕ."

ಹಗಲು ಮಲಗಿ ನನಗೆ ಎಷ್ಟು ವರ್ಷವಾಯಿತೋ ಗೊತ್ತಿಲ್ಲ. ಕಣ್ಣು ಮುಚ್ಚಿದರೆ ಮೌಲಾ ಬಾಗಿಲು ತೆಗೆದುಕೊಂಡು ಹೋಗುತ್ತಾನೆ. ಅವನ ಸೊಂಟಕ್ಕೂ ನನ್ನ ಕೈಗೂ ಸೀರೆಯ ಅಂಚು ಕಟ್ಟಿಕೊಂಡು ಮಲಗಿದವಳು ನಾನು. ಇವಳು ನೋಡಿದರೆ ದುಂಡಗಾಗಿದ್ದಾಳೆ, ಗಲ್ಲ ಬಂದಿದೆ, ಮಾತಿಗೊಮ್ಮೆ ನಗುತ್ತಾಳೆ. ಅವಳ ಗಂಡ ಗಿರಣಿಯಲ್ಲಿದ್ದ, ಅವನು ಸತ್ತಾಗ ಇಂಥ ಹುಡುಗಿಯನ್ನು ಕಟ್ಟಿಕೊಂಡು ಏನು ಮಾಡುತ್ತಾಳೋ ಎಂದು ಇಡೀ ಬಳಗ ಅಯ್ಯೋ ಅಂದಿತ್ತು. ಎಲ್ಲರಿಗಿಂತ ಜೋರಾಗಿ ಅಂದವಳು ನಾನೇ. ಆ ಅಯ್ಯೋ ವಾಪಸು ತೆಗೆದುಕೊಳ್ಳಬೇಕು ಅನಿಸಿತು.

ಐದಕ್ಕೆ ಮುನ್ನಿ ಬಂದಳು. ಕುಳ್ಳಗೆ, ಬೆಳ್ಳಗೆ ನೆರೆತ ಬಾಬ್ ಕೂದಲು, ಕನ್ನಡಕ. ನಮ್ಮ ಕನ್ನಡ ಅರ್ಥವಾಗುತ್ತದೆ, ಆಡುವುದು ಅವರ ಮುಂಬಯಿ ಹಿಂದಿ. ಮೌಲಾನನ್ನು ಮೇಲಿಂದ ಕೆಳಗೆ ನೋಡಿ, "ಏಕ್ ಚಪ್ಪಲ್?" ಅಂದಳು. ಆಮೇಲೆ ತನ್ನ ಚೀಲದಿಂದ ಬಿಸ್ಕತ್ತು ತೆಗೆದು ಅವನ ಕೈಗೆ ಕೊಟ್ಟಳು. ಮೌಲಾ ನನ್ನ ಕೈಯಿಂದಲ್ಲದೆ ಬೇರೆಯವರ ಕೈಯಿಂದ ಏನೂ ತಿನ್ನುವುದಿಲ್ಲ, ಊರಿಗೆಲ್ಲ ಗೊತ್ತಿದ್ದ ಮಾತು. ಅದನ್ನೇ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಅವನು ತಿಂದಿದ್ದ.

ಫೋರ್ಟ್

ಗುರುವಾರ ಬಂದರೆ ಮುನ್ನಿ ಫೋರ್ಟಿಗೆ ಹೋಗಲೇಬೇಕು. ಅಲ್ಲಿ ಉಡುಪಿಯ ಶೆಟ್ಟರೊಬ್ಬರ ಹೋಟೆಲು. ಆಫೀಸಿನವರು ನಿಂತುಕೊಂಡೇ ಇಡ್ಲಿ ನುಂಗಿ ಓಡುವ ಜಾಗ. ಮುನ್ನಿ ಅಲ್ಲಿ ಹದಿನೆಂಟು ವರ್ಷ ಕೊತ್ತಂಬರಿ ಬಿಡಿಸಿದ್ದಾಳೆ. ಸೆಂಟರಿನವರು ಶೆಟ್ಟರನ್ನು ಕೇಳಿ ಹಚ್ಚಿಸಿದ ಕೆಲಸ. ಮೂರು ವರ್ಷದ ಕೆಳಗೆ ಅವಳ ಕೈ ನಿಧಾನವಾಯಿತು, ಸೊಪ್ಪು ಎಸೆದು ಕಡ್ಡಿ ಇಡತೊಡಗಿದಳು. ಶೆಟ್ಟರು ಬೈಯಲಿಲ್ಲ, ಸೆಂಟರಿಗೆ ಫೋನು ಮಾಡಿದರು. ಸೆಂಟರಿನವರು ಡಾಕ್ಟರಿಗೆ ಹೇಳಿದರು. ಇಂಥವರಿಗೆ ಮುಪ್ಪು ಬೇಗ ಬರುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ಮೊದಲು ಅರ್ಧ ದಿನ ಮಾಡಿ, ಆಮೇಲೆ ಶಾಲು ಹೊದಿಸಿ ರಿಟೈರ್ ಮಾಡಿದರಂತೆ. ದುಡ್ಡಿನ ಗಲ್ಲೆಯ ಹಿಂದೆ ಅವಳ ಫೋಟೋ ಇದೆ, ಶಾಲು ಹೊದ್ದು ಹಲ್ಲು ಬಿಟ್ಟಿದ್ದಾಳೆ.

ನನಗೆ ಎಪ್ಪತ್ತು. ಈಗಲೂ ವಾರಕ್ಕೆ ಎರಡು ಗಾದಿ ಹೊಲಿಯುತ್ತೇನೆ. ನನಗೆ ಯಾರು ಶಾಲು ಹೊದಿಸಿದರು?

ಈಗ ಅವಳು ಗುರುವಾರ ಗಿರಾಕಿಯಾಗಿ ಹೋಗುತ್ತಾಳೆ. ಕಿಟಕಿ ಪಕ್ಕದ ಟೇಬಲ್ ಅವಳದೇ. ಆ ಗುರುವಾರ ನಾನೂ ಮೌಲಾನೂ ಜೊತೆಗೆ ಹೋಗಿದ್ದೆವು.

"ಒಂದು ದಿವಸ ಬೇರೆಯವರನ್ನು ಕೂರಿಸಿದೆ ಮಾರಾಯ್ರೆ," ಅಂದರು ಶೆಟ್ಟರು. "ಎಂತ ಬೈಗಳ ಅಂತೀರಿ! ಬ್ಯಾಂಕಿನ ಮ್ಯಾನೇಜರು ಪಾಪ, ದೋಸೆ ಹಿಡ್ಕೊಂಡೇ ಎದ್ದರು."

ಚಹಾ ಬಂತು. ಮೌಲಾ ಕೈ ಚಾಚಿದ, ಲೋಟ ಉರುಳಿತು, ಚಹಾ ಎಲ್ಲ ಶೆಟ್ಟರ ಬಿಳಿ ಅಂಗಿಯ ಮೇಲೆ. ನಾನು ಮೌಲಾನ ಕೈಗೆ ಚಟ್ಟನೆ ಹೊಡೆದೆ.

"ಮಾರ್ನೇ ಕಾ ನಹೀಂ," ಅಂದಳು ಮುನ್ನಿ. ಹೋಟೆಲೆಲ್ಲ ತಿರುಗಿ ನೋಡಿತು.

"ನಿನಗೇನ್ ಗೊತ್ತ ಇಂವನ ಹಟ?" ಎಂದು ಅವಳ ಮೇಲೂ ರೇಗಿದೆ.

ಶೆಟ್ಟರು ಅಂಗಿ ಒರೆಸಿಕೊಳ್ಳಲಿಲ್ಲ. ಇನ್ನೊಂದು ಲೋಟ ತರಿಸಿ ಮೌಲಾನ ಎಡಕ್ಕೆ ಇಟ್ಟರು. ಅವನು ಮೇಜು ಸವರಿದ. ಬಲಕ್ಕೆ ಇಟ್ಟರು. ಮತ್ತೆ ಸವರಿದ, ಬೆರಳು ತಗುಲಿದ ಮೇಲೆ ಹಿಡಿದ.

"ಅಮ್ಮ, ಬೇಜಾರು ಮಾಡ್ಬೇಡಿ," ಅಂದರು. "ಮೂವತ್ತು ವರ್ಷದಿಂದ ಜನ ಲೋಟ ಎತ್ತುವುದನ್ನೇ ನೋಡಿದ್ದೇನೆ ನಾನು. ಇವರು ಹಟ ಮಾಡುದಲ್ಲ. ಇವರಿಗೆ ಕಣ್ಣು ಕಾಣುದಿಲ್ಲ."

ಹೊಸ್ತಿಲು, ಮೆಟ್ಟಿಲು, ನೆರಳು ಎಲ್ಲ ಒಮ್ಮೆಲೇ ತಲೆಗೆ ಬಂತು. ಹೋಟೆಲಿನವನಿಗೆ ಎರಡು ಲೋಟದಲ್ಲಿ ಕಂಡದ್ದು ನನಗೆ ಎರಡು ವರ್ಷ ಕಾಣಲಿಲ್ಲ. ನಾಚಿಕೆ ಆಗಬೇಕಿತ್ತು. ಮೊದಲು ಬಂದದ್ದು ಸಿಟ್ಟು. ನನ್ನ ತಮ್ಮನ ಕಣ್ಣಿನ ಸುದ್ದಿ ಹೇಳಲು ಇವನು ಯಾರು?

ಶೆಟ್ಟರು ಆಗಲೇ ಪ್ರಮೀಳಾತಾಯಿಗೆ ಫೋನು ಹಚ್ಚಿದ್ದರು. ಅಲ್ಲಿಯ ಕ್ರಮವೇ ಅದು. ವಾಚ್‌ಮನ್ ಇರಲಿ, ಹೋಟೆಲಿನವನಿರಲಿ, ಏನು ಕಂಡರೂ ಅವಳಿಗೆ ಹೇಳಬೇಕು. ಅದು ಯಾವ ಬಾಗಿಲಿಗೆ ಹೋಗಬೇಕು ಎಂದು ನೋಡುವುದು ಅವಳ ಕೆಲಸ, ನಮ್ಮ ಕೆಲಸ ಅಲ್ಲ.

ಮತ್ತೆ ಬೈಕುಲ್ಲಾ, ಕಣ್ಣಿನ ದವಾಖಾನೆ

ಪ್ರಮೀಳಾತಾಯಿ ಸೆಂಟರು ನಡೆಸುವ ಹೆಂಗಸು, ಬಾಯಿ ಎಂದು ಕರೆಯುವುದು. ಮರಾಠಿಯವಳು, ಕಾಟನ್ ಸೀರೆ, ಗಂಡಸಿನ ಗಡಿಯಾರ. ಅವಳ ಹಿಂದಿ, ನನ್ನ ಹರಕು ದಖ್ಖನಿ ಉರ್ದು, ನಡುವೆ ರಸೂಲ್ಬಿ, ಹೀಗೆ ನಮ್ಮ ಮಾತು. ದವಾಖಾನೆಯವರು ನೋಡಿ ಎರಡೂ ಕಣ್ಣಿಗೆ ಪೊರೆ ಎಂದರು, ಬಲಗಣ್ಣಿನದು ಹಣ್ಣಾಗಿಹೋಗಿದೆ, ಮೊದಲು ಅದನ್ನೇ ಕೊಯ್ಯಬೇಕು ಎಂದರು.

"ಇಂವ ಕೂಡಂಗಿಲ್ಲ ಬಾಯಿ," ಅಂದೆ ನಾನು. "ಕಣ್ಣಿಗಿ ಕೈ ಹಚ್ಚಿದ್ರ ಒದೀತಾನ. ಸುಮ್ಮನ ಬಿಡ್ರಿ."

"ಕೂಡೋದು ಕಲಿತಾರೆ," ಅಂದಳು ಅವಳು. "ನಮಗೇನೂ ಅವಸರ ಇಲ್ಲ."

ಎಂಟು ದಿನ ಮೌಲಾ ದವಾಖಾನೆಗೆ ಹೋದದ್ದು ಬರೀ ಕೂತು ಬರಲಿಕ್ಕೆ. ಮೊದಲ ದಿನ ಬಾಗಿಲಲ್ಲಿ ಕೂತ, ಚಹಾ ಕುಡಿದ, ಬಂದ. ಎರಡನೇ ದಿನ ಒಳಗಿನ ಬೆಂಚು. ಮೂರನೇ ದಿನ ಆ ದೊಡ್ಡ ಕುರ್ಚಿ. ನಾಲ್ಕನೇ ದಿನ ಅಲ್ಲಿಯ ಸಿಸ್ಟರು ಬಿಳಿ ಪಟ್ಟಿ ತಂದು ಮೊದಲು ತನ್ನ ಒಂದು ಕಣ್ಣಿಗೆ ಕಟ್ಟಿಕೊಂಡಳು, ಆಮೇಲೆ ಪ್ರಮೀಳಾತಾಯಿಯ ಕಣ್ಣಿಗೆ, ಮುನ್ನಿಯ ಕಣ್ಣಿಗೆ. ಶೆಟ್ಟರು ಆ ದಿನ ತಿಂಡಿ ತಂದಿದ್ದರು, ಅವರಿಗೂ ಕಟ್ಟಿದರು. ಒಕ್ಕಣ್ಣಿನಲ್ಲಿ ಅವರು ಉದ್ದಿನವಡೆ ಹಂಚುವುದನ್ನು ತೀರ ಹತ್ತಿರ ಹೋಗಿ ಕಂಡು ಮೌಲಾ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನೇ ಮುಖ ಮುಂದೆ ಮಾಡಿ, "ನಂಗೂ ಕಟ್ರಿ," ಅಂದ.

ನನ್ನ ಕಣ್ಣಿನ ಪೊರೆ ತೆಗೆದದ್ದು ನಮ್ಮೂರ ಕ್ಯಾಂಪಿನಲ್ಲಿ. ನಲವತ್ತು ಮಂದಿಯನ್ನು ಸಾಲಾಗಿ ಕೂರಿಸಿದ್ದರು. ಅತ್ತಿತ್ತ ನೋಡಿದರೆ ಬೈಗಳು. ವಡೆ ತಂದವರನ್ನು ನಾನು ಕಾಣೆ.

ಕೊಯ್ಯುವ ದಿನ ನಾನೂ ಒಳಗೆ ಬರುತ್ತೇನೆ ಎಂದೆ. ಸಿಸ್ಟರು ಬಾಗಿಲಲ್ಲಿ ಕೈ ಅಡ್ಡ ಹಿಡಿದಳು. "ನೀವು ಹೊರಗಿರಿ ಅಮ್ಮಾ. ಅವರು ನಿಮ್ಮ ಮುಖದ ಹತ್ತಿರ ಬಂದು ಬಂದು ನೋಡ್ತಾರೆ. ನಿಮ್ಮ ಮುಖ ಹೆದರಿದೆ."

ಮೌಲಾ ಅವಳ ಕೈ ಹಿಡಿದುಕೊಂಡು ಒಳಗೆ ಹೋದ. ತಿರುಗಿ ನೋಡುತ್ತಾನೆಂದು ನಿಂತೆ. ನೋಡಲಿಲ್ಲ. ಅರವತ್ತು ವರ್ಷ ಅಕ್ಕಾ ಅಕ್ಕಾ ಎಂದು ಸೆರಗು ಹಿಡಿದವನು, ನಿನ್ನೆ ಮೊನ್ನೆಯ ಸಿಸ್ಟರಿನ ಕೈ ಹಿಡಿದು ಹೋದ. ನಾನು ಬೆಂಚಿನ ಮೇಲೆ ಕೂತು ಮನಸ್ಸಿನಲ್ಲಿ ಅವಳಿಗೆ ಬೈದೆ. ಅವಳು ಮಾಡಿದ ತಪ್ಪು ಏನು ಎಂದು ಹುಡುಕಿದೆ, ಸಿಗಲಿಲ್ಲ. ಅದಕ್ಕೆ ಇನ್ನಷ್ಟು ಬೈದೆ.

ಮರುದಿನ ಪಟ್ಟಿ ಬಿಚ್ಚಿದರು. ಮೌಲಾ ಬಹಳ ಹೊತ್ತು ತನ್ನ ಕೈ ನೋಡಿಕೊಂಡ. ಗೋಡೆಯ ಪಂಖಾ ನೋಡಿದ, ಸಿಸ್ಟರಿನ ಬಳೆ ನೋಡಿದ. ಕಡೆಗೆ ನನ್ನ ಕಡೆ ತಿರುಗಿದ. ಹತ್ತಿರ ಬಂದು ಗಲ್ಲ ಮುಟ್ಟಿದ, ಕೂದಲು ಮುಟ್ಟಿದ.

"ಅಕ್ಕಾ," ಅಂದ. "ನೀ ಮುದುಕಿ ಆಗೀದಿ."

ಎಲ್ಲರೂ ನಕ್ಕರು. ಮೌಲಾ ನಗಲಿಲ್ಲ. ನಾನೂ ನಗಲಿಲ್ಲ.

ಗೋರೆಗಾಂವ್

ಗೋರೆಗಾಂವ್‌ನಲ್ಲಿ ಒಂದು ಮನೆ ಇದೆ, ನೋಡಿ ಬನ್ನಿ ಎಂದಳು ಪ್ರಮೀಳಾತಾಯಿ. ನಾನು ಇಷ್ಟು ದೂರ ಬಂದದ್ದೇ ಅದಕ್ಕೆ, ಆದರೂ ಹೊರಡುವಾಗ ಸೀರೆ ಎರಡು ಸಲ ಬಿಚ್ಚಿ ಉಟ್ಟೆ. ರಸೂಲ್ಬಿ, ಮೌಲಾ, ನಾನು ದಾದರ್‌ನಲ್ಲಿ ಗಾಡಿ ಬದಲಿಸಿದೆವು. ಅದೇ ಪುಲ್ಲು. ಮೌಲಾ ಮೆಟ್ಟಿಲ ಪಕ್ಕದ ಕಠಡಾ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ತಾನೇ ಹತ್ತಿದ. ಉಸಿರು ಹತ್ತಿ ಹಿಂದೆ ಉಳಿದವಳು ನಾನು.

ಕಾಲನಿಯೊಳಗೆ ಏಳು ಮಾಳಿಗೆಯ ಬಿಲ್ಡಿಂಗು, ಅದರಲ್ಲಿ ಮೊದಲ ಮಾಳಿಗೆಯ ಒಂದು ಮನೆ. ಇಬ್ಬರು ಗಂಡಸರು, ಇಬ್ಬರು ಹೆಂಗಸರು ಇದ್ದರು, ಎಲ್ಲ ತಲೆ ನೆರೆತವರು, ಎಲ್ಲ ಮೌಲಾನಂಥವರು. ಅಡಿಗೆಗೂ ನೋಡಿಕೊಳ್ಳಲಿಕ್ಕೂ ಜನ ಅಲ್ಲೇ ಇರುತ್ತಾರೆ. ಮನೆ ನಡೆಸುವುದು ಸೆಂಟರು, ವಾರಕ್ಕೊಮ್ಮೆ ಬಂದು ನೋಡುವವರು ಮುದುಕರ ದವಾಖಾನೆಯ ಡಾಕ್ಟರು. ಬಿಲ್ಡಿಂಗಿನ ಮುದುಕರ ಸಂಘದವರು ಸಂಜೆ ಇವರನ್ನೂ ಕರೆದುಕೊಂಡು ಕೆಳಗಿನ ತೋಟದಲ್ಲಿ ಕೂರುತ್ತಾರೆ. ಮೊದಮೊದಲು ಬಿಲ್ಡಿಂಗಿನವರು ಇವರು ಬರಲೇಬಾರದು ಎಂದು ಗುದ್ದಾಡಿದ್ದರಂತೆ. ಪ್ರಮೀಳಾತಾಯಿ ಮನೆಮನೆಗೆ ಹೋಗಿ, ನಿಮ್ಮ ಮನೆಯ ಮುದುಕರಿಗೂ ಅದೇ ಡಾಕ್ಟರನ್ನು ಕರೆಸುತ್ತೇನೆ ಎಂದ ಮೇಲೆ ಬಾಯಿ ಮುಚ್ಚಿದರಂತೆ. ಇದು ಕೇಳಿ ಸ್ವಲ್ಪ ಹಗುರಾಯಿತು. ಎಲ್ಲ ಊರಿನ ಮಂದಿಯೂ ಒಂದೇ ಎರಕ. ಅವರಿಗೆ ಪ್ರಮೀಳಾತಾಯಿ ಸಿಕ್ಕಳು, ನಮಗೆ ಸಿಗಲಿಲ್ಲ.

ನಾನು ತಪ್ಪು ಹುಡುಕಲು ಸುರು ಮಾಡಿದೆ. ಮಂಚದ ಕೆಳಗೆ ಬಗ್ಗಿ ನೋಡಿದೆ, ಕಸ ಇರಲಿಲ್ಲ. ಪಾತ್ರೆ ಮೂಸಿದೆ. ಸಂಡಾಸಿನ ಬಾಗಿಲು ತೆಗೆದು ಹಾಕಿ ನೋಡಿದೆ, ಗೋಡೆಗೆ ಹಿಡಿದುಕೊಳ್ಳಲು ಸರಳು ಬೇರೆ ಹಾಕಿದ್ದರು. ನನ್ನ ಮಂಡಿ ಹಿಡಿದ ಮೇಲೆ ನಾನು ಬಕೆಟ್ಟಿನ ಅಂಚು ಹಿಡಿದು ಏಳುತ್ತೇನೆ.

"ಎಷ್ಟರ ನೋಡ್ತಿ ಅಕ್ಕಾ? ಹೆಣ್ಣ ನೋಡಾಕ ಬಂದಂಗ ಮಾಡಬ್ಯಾಡ," ಅಂದಳು ರಸೂಲ್ಬಿ.

"ನೋಡಬೇಕು. ಆಮ್ಯಾಲ ಅತ್ತರ ಯಾರ್ ಕೇಳ್ತಾರ?"

ಕಡೆಗೆ ಗಾದಿ ಹಿಡಿದು ಹಿಸುಕಿದೆ. ಸಿಕ್ಕಿತು ತಪ್ಪು. ಒಳಗೆ ಅರಳೆ ಅಲ್ಲ, ಸ್ಪಂಜು. "ಇದು ಗಾದಿ ಅಲ್ಲ," ಎಂದು ದೊಡ್ಡ ದನಿಯಲ್ಲಿ ಹೇಳಿದೆ. "ಬೆನ್ನು ಸುಡತೈತಿ. ಇದರ ಮ್ಯಾಲೆ ನಮ್ಮ ಹುಡುಗ ಮಲಗಂಗಿಲ್ಲ."

ನಮ್ಮ ಹುಡುಗ ಎಲ್ಲಿ ಎಂದು ನೋಡಿದರೆ ಕಿಟಕಿಯಲ್ಲಿ. ಹೊರಗೆ ದೊಡ್ಡ ರಸ್ತೆ, ಕೆಂಪು ಬಸ್ಸು, ಹಳದಿ ಪಟ್ಟಿಯ ರಿಕ್ಷಾ. ಎರಡು ವರ್ಷ ಮಬ್ಬಿನಲ್ಲಿದ್ದವನು ಎರಡೂ ಕೈಯಲ್ಲಿ ಸರಳು ಹಿಡಿದು ನಿಂತಿದ್ದ. ಹೊರಡೋಣ ಎಂದು ಮೂರು ಸಲ ಕರೆದೆ. ನಾಲ್ಕನೇ ಸಲ, "ತಡೀ," ಅಂದ. ಅವನು ನನಗೆ ತಡಿ ಅಂದದ್ದು ಅದೇ ಮೊದಲು.

ಬೈಕುಲ್ಲಾ, ಹೊರಡುವ ಹಿಂದಿನ ದಿನ

ಇಂಥವರಲ್ಲಿ ಒಬ್ಬರದು ಏನಾದರೂ ನಿಕ್ಕಿ ಆಗಬೇಕಾದರೆ, ಅವರ ಸಂಬಂಧ ಕೆಲಸ ಮಾಡುವವರೆಲ್ಲ ಅವರು ಇಳಿದುಕೊಂಡ ಮನೆಗೇ ಬಂದು ಕೂರುತ್ತಾರೆ. ಬೈಠಕ್ ಎನ್ನುತ್ತಾರೆ. ಮೌಲಾನ ಬೈಠಕ್ ರಸೂಲ್ಬಿಯ ಖೋಲಿಯಲ್ಲಿ ಆಯಿತು. ಪ್ರಮೀಳಾತಾಯಿ, ದವಾಖಾನೆಯ ಸಿಸ್ಟರು, ಶೆಟ್ಟರು, ಗೋರೆಗಾಂವ್ ಮನೆಯ ಅಡಿಗೆಯವಳು ಬಂದರು. ಇದ್ದ ಒಂದು ಕುರ್ಚಿ ಮೌಲಾನಿಗೆ. ಸಿಸ್ಟರು ಮಂಚದ ಮೇಲೆ, ಶೆಟ್ಟರು ಬಾಗಿಲ ಪಡಿಗೆ ಒರಗಿ, ಉಳಿದವರೆಲ್ಲ ನೆಲದಲ್ಲಿ. ನಮ್ಮೂರಲ್ಲಿ ನಾನು ಸಾಹೇಬರ ಮೇಜಿನ ಮುಂದೆ ನಿಂತು ನಿಂತು ಬಂದಿದ್ದೇನೆ. ಇಲ್ಲಿ ಸಾಹೇಬನ ಜಾಗದಲ್ಲಿ ಮೌಲಾ ಕೂತಿದ್ದ.

ಸುರುವಾಗುವ ಮೊದಲು ರಸೂಲ್ಬಿ ನನ್ನ ಕೈಗೆ ನೆಲ್ಲಿಕಾಯಿ ಗಾತ್ರದ ಕಲ್ಲುಸಕ್ಕರೆ ಕೊಟ್ಟಳು.

"ಬಾಯಾಗ ಇಟ್ಕೊ. ಕರಗೂತನಾ ಮಾತಾಡಬ್ಯಾಡ."

"ಯಾಕ?"

"ಮುನ್ನೀನ್ನ ಏನ ಕೇಳಿದ್ರೂ ಮೊದಲ ನಾನ ಹೇಳತಿದ್ನೆಕ್ಕಾ. ಅದಕ್ಕ ತಾಯಿ ಈ ಪದ್ಧತಿ ತಗದ್ಲು. ಇಲ್ಲಿ ಅವ್ವ, ಅಕ್ಕ, ಎಲ್ಲಾರಿಗೂ ಇದ."

ಹುಚ್ಚರ ಪದ್ಧತಿ ಎಂದುಕೊಂಡು ಬಾಯಿಗೆ ಹಾಕಿಕೊಂಡೆ.

ಮೌಲಾನಿಗೆ ಚಹಾ ಬೇಕಾ ಎಂದು ಪ್ರಮೀಳಾತಾಯಿ ಮೊದಲು ಕೇಳಿದಳು. ರಸೂಲ್ಬಿ ಅದನ್ನು ಕನ್ನಡದಲ್ಲಿ ಹೇಳಿದಳು. ಮೌಲಾ ಸುಮ್ಮನೆ ಕೂತ. ಯಾರೂ ಏನೂ ಅನ್ನಲಿಲ್ಲ. ಇಷ್ಟೊತ್ತು ಸುಮ್ಮನೆ ಇರುವವರನ್ನು ನಾನು ನೋಡೇ ಇಲ್ಲ. ತಡೆಯಲಾಗಲಿಲ್ಲ. ಕಟಂ ಎಂದು ಕಲ್ಲುಸಕ್ಕರೆ ಕಡಿದು ನುಂಗಿದೆ.

"ಅಂವ ಸಂಜಿಮುಂದ ಚಹಾ ಕುಡಿಯಂಗಿಲ್ರಿ!"

"ಕುಡೀತೀನಿ," ಅಂದ ಮೌಲಾ. ಎರಡು ಕಪ್ಪು ಕುಡಿದ.

ಶೆಟ್ಟರು ಬಗ್ಗಿ ಚಪ್ಪಲಿ ಸರಿಮಾಡಿಕೊಂಡಂತೆ ಮಾಡಿ ನಕ್ಕರು. ಸಿಸ್ಟರು ನನ್ನ ಹಲ್ಲು ನೆಟ್ಟಗಿದೆಯಾ ಎಂದು ಕೇಳಿದಳು. ರಸೂಲ್ಬಿ ಇನ್ನೊಂದು ತುಂಡು ತಂದಳು, ಮೊದಲಿನದಕ್ಕಿಂತ ದೊಡ್ಡದು.

ಆಮೇಲೆ ಪ್ರಮೀಳಾತಾಯಿ ಕೇಳಿದಳು: ಮೌಲಾಭಾಯಿ, ನೀವು ಎಲ್ಲಿ ಇರುತ್ತೀರಿ? ಊರಲ್ಲಿ ಅಕ್ಕನ ಜೊತೆಯೋ, ಗೋರೆಗಾಂವ್‌ನಲ್ಲೋ? ಊರು ಎಂದರೆ ನಿಮ್ಮೂರ ದವಾಖಾನೆಯವರ ಜೊತೆ ನಾನೇ ಮಾತಾಡುತ್ತೇನೆ. ಇಲ್ಲಿ ಎಂದರೆ ಮೂರು ತಿಂಗಳು ಇದ್ದು ನೋಡಿ, ಬೇಡವಾದರೆ ಹೋಗಿ.

ಅಕ್ಕ ಅನ್ನುತ್ತಾನೆ, ಮತ್ತೇನು ಅಂದಾನು? ಅವನಿಗೆ ಒಂದು ಜಾಗ ಸಿಗಲಿ ಎಂದೇ ಅಷ್ಟು ದೂರದಿಂದ ಕರೆತಂದವಳು, ಆ ಜಾಗ ಒಲ್ಲೆ ಅನ್ನಲಿ ಎಂದು ಕಾಯುತ್ತ ಕೂತಿದ್ದೆ. ಬಾಯಲ್ಲಿ ಸ್ವಂತ ಉಗುಳು ನುಂಗಲೂ ಆಗದಂತೆ ಆ ಕಲ್ಲು.

"ಕಿಡಕಿ ಐತಿ," ಅಂದ ಮೌಲಾ. ಸ್ವಲ್ಪ ಹೊತ್ತು ಬಿಟ್ಟು, "ಬಸ್ಸು ಬರತಾವ," ಅಂದ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ನಾ ಅಲ್ಲಿ ಇರತೀನಿ," ಅಂದ.

ಪ್ರಮೀಳಾತಾಯಿ ಅದನ್ನೇ ಇನ್ನೊಂದು ಬಗೆಯಲ್ಲಿ ಕೇಳಿದಳು. ಅದನ್ನೇ ಹೇಳಿದ. ಗೋರೆಗಾಂವ್‌ನ ಅಡಿಗೆಯವಳ ಮುಖ ಅರಳಿತು. ನನಗೆ ಅವಳ ಮುಖ ನೋಡಲಾಗಲಿಲ್ಲ. ನಾಳೆಯಿಂದ ಇವನ ಬಾಯಿಗೆ ತುತ್ತು ಹೋಗುವುದು ಆ ಕೈಯಿಂದ.

"ಅಕ್ಕಗ ಯಾರು?" ಅಂದ ಮೌಲಾ.

ರಸೂಲ್ಬಿ ಹಿಂದಿಗೆ ತರುವುದನ್ನು ಮರೆತಳು. ಶೆಟ್ಟರೇ ಹೇಳಿದರು. ಪ್ರಮೀಳಾತಾಯಿ, ಹಾಗೆಂದರೆ ಏನು ಎಂದು ಅವನನ್ನು ಕೇಳಿದಳು.

"ಆಕಿ ಮುದುಕಿ ಆಗ್ಯಾಳ," ಅಂದ. "ಆಕೀನ್ನ ನೋಡ್ಕೊಳ್ಳಾಕ ಯಾರು?"

ಪ್ರಮೀಳಾತಾಯಿ ನನ್ನ ಕಡೆ ತಿರುಗಿದಳು. ಸಿಸ್ಟರು, ಶೆಟ್ಟರು, ಅಡಿಗೆಯವಳು, ಎಲ್ಲರೂ ತಿರುಗಿದರು. "ಇಮಾಂಬಿ," ಅಂದಳು, ಅಮ್ಮ ಅಲ್ಲ, ಅಕ್ಕ ಅಲ್ಲ, ನನ್ನ ಹೆಸರು ಹಿಡಿದೇ. "ನೀವು ಎಲ್ಲಿ ಇರ್ತೀರಿ? ನಿಮಗೆ ಏನು ಬೇಕು?"

"ಆಕಿಗಿ ಊರ ಬೇಕ್ರಿ," ಎಂದು ಮೌಲಾನೇ ಉತ್ತರ ಕೊಟ್ಟ. "ಇಲ್ಲಿ ಆಕಿಗಿ ಎಲ್ಲಾರ ಮ್ಯಾಲೂ ಸಿಟ್ಟು ಬರತೈತಿ."

ಪ್ರಮೀಳಾತಾಯಿ ನಗಲಿಲ್ಲ. ರಸೂಲ್ಬಿಯ ಡಬ್ಬಿಯಿಂದ ಒಂದು ತುಂಡು ಕಲ್ಲುಸಕ್ಕರೆ ತೆಗೆದು ಮೌಲಾನ ಬಾಯಿಗೆ ಹಾಕಿದಳು. "ಅಕ್ಕ ಹೇಳಲಿ," ಅಂದಳು.

ನನ್ನ ಬಾಯಿಯ ಕಲ್ಲು ಅಷ್ಟೊತ್ತಿಗೆ ಕರಗಿತ್ತು. ಅವನು ಹೇಳಿದ್ದು ಸರಿಯೇ ಇತ್ತು. ಅವನು ಅಲ್ಲಿರಲಿ, ನಾನು ಊರಿಗೆ ಹೋಗುತ್ತೇನೆ, ನನ್ನ ಮಂಡಿಗೆ ಒಂದು ದಾರಿ ಆಗಬೇಕು, ನನಗೆ ಹಗಲು ಒಂದು ತಾಸು ನಿದ್ದೆ ಬೇಕು. ಈ ಉತ್ತರ ನನ್ನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಎದುರಿಗೆ ನೋಡಿದೆ. ಬೇರೆ ಬೇರೆ ಕಡೆಯ ಮಂದಿ, ಒಬ್ಬರೂ ಗಡಿಯಾರ ನೋಡದೆ, ಮೌಲಾನಿಗೆ ಕಾದಂತೆಯೇ ನನ್ನ ಬಾಯಿ ನೋಡುತ್ತ ಕೂತಿದ್ದರು. ಎಪ್ಪತ್ತು ವರ್ಷದಲ್ಲಿ ನನ್ನ ಉತ್ತರಕ್ಕೆ ಹೀಗೆ ಯಾರೂ ಕಾದಿರಲಿಲ್ಲ. ಶೆಟ್ಟರು ಹೋಟೆಲು ಬಿಟ್ಟು ಬಂದಿದ್ದರು. ಸಿಸ್ಟರು ಮಂಚದಿಂದ ಸ್ವಲ್ಪ ಮುಂದಕ್ಕೆ ಸರಿದಿದ್ದಳು. ಮೌಲಾ ಗಲ್ಲ ಉಬ್ಬಿಸಿಕೊಂಡು ಹೊಸ ಕಣ್ಣು ಅಗಲ ಮಾಡಿಕೊಂಡಿದ್ದ.

ನಾನು ಕೂಡಲೇ ಹೇಳಲಿಲ್ಲ. ಸೆರಗು ಸರಿಮಾಡಿಕೊಂಡೆ, ಕಾಲು ಚಾಚಿ ಕೂತೆ. ಇನ್ನೊಂದಿಷ್ಟು ಹೊತ್ತು ಕಾಯಲಿ ಎಂದು, ಬೇಕಂತಲೇ.